ಹಂಗಳದ ಮಣ್ಣು, ಹರವೆಯ ಮಣ್ಣು

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನಾನು ಟೈರ್ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಯಿತು. ಟೈರ್ ಕೊಳ್ಳಲು ಬರುವವರು ಬೆಲೆ ಕೇಳುತ್ತಾರೆ, ಟೈರಿಗೆ ಕಾಲಲ್ಲಿ ಒಂದು ಒದೆ ಕೊಡುತ್ತಾರೆ, ಮುಂದಿನ ಅಂಗಡಿಯಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ ಎನ್ನುತ್ತಾರೆ. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಮಣ್ಣು ಕಟ್ಟಿಕೊಂಡು ಬಂದವಳು ಶಶಿರೇಖಾ ಒಬ್ಬಳೇ.

ಅವಳು ಹಂಗಳದವಳು. ಗಂಡ ಮಲ್ಲಿಕಾರ್ಜುನಸ್ವಾಮಿ ಪಿಕಪ್ ಓಡಿಸುತ್ತಿದ್ದ. ಹೋದ ಚಳಿಗಾಲದಲ್ಲಿ ಕಾಡಿನ ಕಡೆಯಿಂದ ಹಂದಿ ಅಡ್ಡ ಬಂದು ಬೈಕಿನಿಂದ ಬಿದ್ದ. ಎಡಗಾಲಿಗೆ ರಾಡು ಹಾಕಿದ ಡಾಕ್ಟರು ಒಂದು ವರ್ಷ ಕ್ಲಚ್ ತುಳಿಯುವ ಹಾಗಿಲ್ಲ ಎಂದರು. ಪಿಕಪ್ ಎರಡು ತಿಂಗಳು ಟಾರ್ಪಾಲಿನ ಕೆಳಗೆ ನಿಂತಿತ್ತು. ಒಂದು ದಿನ ಅವಳೇ ಟಾರ್ಪಾಲು ಎಳೆದು ಹಾಕಿ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿತಳು. ಮೇ ತಿಂಗಳಿಗೆಲ್ಲ ಲೈಸೆನ್ಸು ಕೈಗೆ ಬಂತು. ಬೀನ್ಸು, ಟೊಮೆಟೊ ಹೇರಿಕೊಂಡು ದಿನಾ ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಬರತೊಡಗಿದಳು.

ಆದರೆ ಅದು ಟಾರು ರಸ್ತೆಯ ಕೆಲಸ. ಆ ಗಾಡಿಯ ನಿಜವಾದ ದುಡಿಮೆ ಓಣಂ ಹೂವಿನದು. ಹರವೆ ಆಚೆ ಗುರುಪಾದಸ್ವಾಮಿ ಮತ್ತು ಅವರ ಪಕ್ಕದ ಮೂವರು ಸೇರಿ ಹನ್ನೊಂದು ಎಕರೆ ಚೆಂಡುಹೂ ಹಾಕುತ್ತಾರೆ. ನಾಲ್ಕು ದಿನಕ್ಕೊಮ್ಮೆ ಕಿತ್ತ ಹೂವು ಸಂಜೆ ಆರರೊಳಗೆ ಗುಂಡ್ಲುಪೇಟೆಯಲ್ಲಿ ಕೇರಳದ ಲಾರಿಗೆ ಏರಬೇಕು. ರಾತ್ರಿ ಒಂಬತ್ತಕ್ಕೆ ಕೇರಳದ ದಾರಿಯ ಕಾಡಿನ ಗೇಟು ಬೀಳುತ್ತದೆ, ಆಮೇಲೆ ಬೆಳಗಿನವರೆಗೆ ಲಾರಿ ಬಿಡುವುದಿಲ್ಲ. ಅದಕ್ಕೆ ಲಾರಿಯವರು ಆರಾದ ಮೇಲೆ ಯಾರಿಗೂ ಕಾಯುವುದಿಲ್ಲ. ಹೂವಿನ ಹೊಲಕ್ಕೂ ಟಾರು ರಸ್ತೆಗೂ ನಡುವೆ ಒಂದೂವರೆ ಕಿಲೋಮೀಟರ್ ಬಂಡಿ ದಾರಿ. ಎಲ್ಲ ಎರೆಮಣ್ಣು. ಒಣಗಿದಾಗ ಸಿಮೆಂಟು, ನೆನೆದಾಗ ಬೆಣ್ಣೆ.

ಹೋದ ವರ್ಷ ಮಲ್ಲಿಕಾರ್ಜುನಸ್ವಾಮಿ ಅಲ್ಲಿ ಮೂರು ಸಲ ಹೂತುಕೊಂಡಿದ್ದ. ಮೂರು ಸಲವೂ ಆ ಊರಿನ ಮಾದಣ್ಣನ ಟ್ರಾಕ್ಟರ್ ಬಂದು ಎಳೆಯಿತು. ಒಂದು ಸಲ ಕ್ಲಚ್ ಸುಟ್ಟಿತು, ಎರಡು ಸಲ ಲಾರಿ ತಪ್ಪಿ ಹೂವು ಕೊಳೆಯಿತು. ಗಾಡಿ ಇರುವುದು ಅವನ ಅಣ್ಣ ಸೋಮೇಶನ ಹೆಸರಿನಲ್ಲಿ. ಸೋಮೇಶ ಚಾಮರಾಜನಗರದ ಆಫೀಸೊಂದರಲ್ಲಿ ಗುಮಾಸ್ತ, ಕೆಟ್ಟವನಲ್ಲ, ಆದರೆ ಒಮ್ಮೆ ನೋಡಿದ ನಷ್ಟವನ್ನು ಮರೆಯುವವನೂ ಅಲ್ಲ. ತಮ್ಮನ ಹೆಂಡತಿ ಹೂವಿಗೆ ಹೋಗುತ್ತೇನೆ ಎಂದಾಗ ಅವನು ತಾಯಿ ಗುರುಮಲ್ಲಮ್ಮನ ಎದುರೇ ಮಾತು ಮುಗಿಸಿದ. ಹೋಗು, ಆದರೆ ಈ ವರ್ಷ ಒಂದೇ ಒಂದು ಸಲ ಟ್ರಾಕ್ಟರ್ ಕರೆದರೂ ಗಾಡಿಯನ್ನು ರಂಗರಾಜುವಿಗೆ ಕೊಟ್ಟುಬಿಡುತ್ತೇನೆ. ರಂಗರಾಜು ಚಾಮರಾಜನಗರದ ಗಾಡಿ ಬ್ರೋಕರ್, ಸಂಕ್ರಾಂತಿಯಿಂದ ಆ ಗಾಡಿ ಕೇಳುತ್ತಿದ್ದ.

ಶಶಿರೇಖಾ ವಾದಿಸಲಿಲ್ಲವಂತೆ. ಆಗಲಿ ಭಾವ, ಟ್ರಾಕ್ಟರ್ ಕರೆದ ದಿನ ಕೀ ನಾನೇ ತಂದು ನಿಮ್ಮ ಕೈಗೆ ಇಡುತ್ತೇನೆ ಎಂದಳಂತೆ. ಮಾರನೆಯ ದಿನ ಮಣ್ಣಿನ ಕವರುಗಳ ಜೊತೆ ನನ್ನ ಅಂಗಡಿಗೆ ಬಂದಳು. ಗಾಡಿಯ ಹಳೆಯ ಟೈರುಗಳು ನನ್ನ ತಲೆಯ ಹಾಗೆ ಬೋಳಾಗಿದ್ದವು.

ಒಂದು ಕವರಿನಲ್ಲಿ ಹಂಗಳದ ಕೆಂಪು ಮಣ್ಣು, ಚೂಪು ಚೂರುಗಲ್ಲು ಸಮೇತ. ಇನ್ನೊಂದರಲ್ಲಿ ಹರವೆ ಕಡೆಯ ಎರೆ. ಪಂಕ್ಚರ್ ನೋಡುವ ತೊಟ್ಟಿಯಿಂದ ಒಂದು ಲೋಟ ನೀರು ತೆಗೆದು ಎರೆಮಣ್ಣಿಗೆ ಸುರಿದು ರೊಟ್ಟಿ ಹಿಟ್ಟಿನ ಹಾಗೆ ನಾದಿದಳು. ಟೈರ್ ತೋರಿಸು ಎಂದಳು.

ನಾನು ಮೂರು ತರಹದವು ಇಟ್ಟೆ. ಉದ್ದುದ್ದ ಗೀರಿನ ಲೈನ್ ಟೈರ್, ಟಾರಿಗೆ ಒಳ್ಳೆಯದು. ದಪ್ಪ ದಪ್ಪ ಗಡ್ಡೆಯ ಬಟನ್ ಟೈರ್, ಕೆಸರಿಗೆಂದೇ ಮಾಡಿದ್ದು. ನಡುವಿನದು ಆಲ್ ಟೆರೈನ್. ಅದರ ಮಧ್ಯದ ಬಟನ್‌ಗಳು ಒತ್ತೊತ್ತಾಗಿ, ಅಂಚಿನವು ಬಿಡಿಬಿಡಿಯಾಗಿ ಇರುತ್ತವೆ. ಟಾರು, ಕಲ್ಲು, ಮಣ್ಣು ಎಲ್ಲದಕ್ಕೂ ಅಷ್ಟಿಷ್ಟು ಒಗ್ಗುತ್ತದೆ.

ಅವಳು ಮೂರಕ್ಕೂ ಅಂಗೈಯಿಂದ ಎರೆಮಣ್ಣು ತುಂಬಿದಳು. ಟೀ ಕುಡಿಯುವಷ್ಟು ಹೊತ್ತು ಬಿಟ್ಟಳು. ಆಮೇಲೆ ಒಂದೊಂದನ್ನೂ ಎತ್ತಿ ಮೂರು ಸಲ ನೆಲಕ್ಕೆ ಕುಕ್ಕಿದಳು. ಲೈನ್ ಟೈರಿನ ಮಣ್ಣು ಅಲ್ಲಾಡಲಿಲ್ಲ. ಬಟನ್ ಟೈರಿನದು ಹೆಚ್ಚುಕಡಿಮೆ ಎಲ್ಲವೂ ಉದುರಿತು. ಆಲ್ ಟೆರೈನಿನ ಅಂಚು ಖಾಲಿಯಾಯಿತು, ಮಧ್ಯದಲ್ಲಿ ಅರ್ಧ ಉಳಿಯಿತು. ನೋಡಿದೆಯಾ, ಕಣ್ಣು ಮುಚ್ಚಿಕೊಂಡು ಬಟನ್ ಟೈರ್ ತಗೋ ಎಂದೆ ನಾನು. ಅದರಲ್ಲಿ ನನಗೂ ನಾಲ್ಕು ಕಾಸು ಹೆಚ್ಚು ಸಿಗುತ್ತಿತ್ತು, ಸುಳ್ಳು ಯಾಕೆ.

ಅವಳು ಅದರ ಮೇಲೆ ಕೆಂಪು ಮಣ್ಣು ಸುರಿದು ಉಜ್ಜಿದಳು. ದೊಡ್ಡ ಬಟನ್‌ಗಳ ಸಂದಿಯಲ್ಲಿ ಮೂರು ಚೂರುಗಲ್ಲು ಕಚ್ಚಿಕೊಂಡು ಕೂತವು. ಒಂದನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಕಾಯಿತು.

"ಹರವೆಯಿಂದ ಇಲ್ಲಿಗೆ ಇಪ್ಪತ್ತಾರು ಕಿಲೋಮೀಟ್ರು ಟಾರು ಕಣಣ್ಣ," ಎಂದಳು. "ಒಂದೂವರೆ ಕಿಲೋಮೀಟ್ರು ಕೆಸ್ರಿಗೋಸ್ಕರ ಇಪ್ಪತ್ತಾರು ಕಿಲೋಮೀಟ್ರು ಗುಂಯ್ ಅನ್ಕೊಂಡು ಓಡುಸ್ಲಾ? ಮಳೇಲಿ ಟಾರ್ ಮೇಲೆ ಬ್ರೇಕ್ ಹಾಕುದ್ರೆ ಇದು ನಿಲ್ತದಾ?"

ನಿಲ್ಲುತ್ತದೆ, ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ ಎಂದೆ. ಅವಳು ನಕ್ಕು ನಡುವಿನದನ್ನು ಮುಟ್ಟಿ ಇದು ಇರಲಿ ಎಂದಳು. ಇದು ಅರ್ಧ ಕೆಲಸ ಮಾಡುತ್ತದೆ, ಉಳಿದ ಅರ್ಧ ನಾನು ಮಾಡುತ್ತೇನೆ ಎನ್ನುವ ಹಾಗಿತ್ತು ಅವಳ ಮುಖ.

ಆಮೇಲೆ ಟೈರ್ ತಿರುಗಿಸಿ ಪಕ್ಕದ ಅಕ್ಷರ ಓದತೊಡಗಿದಳು. ಭಾರ ಎಷ್ಟು ತಡೆಯುತ್ತದೆ ಎನ್ನುವ ನಂಬರನ್ನು ಹಳೆಯದರ ಜೊತೆ ಹೋಲಿಸಿದಳು. ಕಾರಿನದೂ ಅದೇ ಅಳತೆಗೆ ಬರುತ್ತದೆ, ಅದನ್ನು ಹೇರುವ ಗಾಡಿಗೆ ಹಾಕಿದರೆ ಹೊಟ್ಟೆ ಒಡೆಯುತ್ತದೆ ಎಂದು ಗಂಡ ಹೇಳಿಕೊಟ್ಟಿದ್ದನಂತೆ. ಕೊನೆಗೆ ತಯಾರಾದ ವಾರ ಮತ್ತು ವರ್ಷ ಹೇಳುವ ನಾಲ್ಕು ಅಂಕಿ ಹುಡುಕಿದಳು. ಹಳೆಯ ಮಾಲನ್ನು ನಾವು ಅಂಗಡಿಯವರು ಯಾವಾಗಲೂ ಮುಂದೆ ಇಡುತ್ತೇವೆ.

"ಇದು ನಮ್ ಕುಮಾರಿಗಿಂತ ದೊಡ್ದು ಕಣಣ್ಣ," ಎಂದಳು. ಕುಮಾರಿ ಅವಳ ಮಗಳು, ಅಂಗನವಾಡಿಗೆ ಹೋಗುತ್ತಾಳೆ. "ಒಳ್ಗಡೆಯಿಂದ ಚಿಕ್ಕವು ತಕ್ಕೊಂಡು ಬಾ."

ನಾನು ತಲೆ ಕೆರೆದುಕೊಂಡು ಒಳಗೆ ಹೋಗಿ ಹೊಸ ಮಾಲು ತಂದೆ. ನಾಲ್ಕೂ ಚಕ್ರಕ್ಕೆ ಹಾಕಿದ್ದಾಯಿತು. ಗಾಳಿ ಎಷ್ಟು ಎಂದು ಕೇಳಿದಾಗ ಹಿಂದಕ್ಕೆ ನಲವತ್ತೈದು ಪೌಂಡು, ಮುಂದಕ್ಕೆ ಮೂವತ್ತೈದು ಎಂದಳು. ಹೂವಿನ ಭಾರಕ್ಕೆ ಅಷ್ಟೇ ಸಾಕಂತೆ.

ಇಲ್ಲಿ ನಾನು ಮಾಡಿದ್ದನ್ನು ಹೇಳಲೇಬೇಕು. ಹಂಗಳದ ಕಡೆ ಎಲ್ಲರೂ ಹಿಂದಿನ ಟೈರನ್ನು ಕಲ್ಲು ಮಾಡಿಸಿಕೊಂಡೇ ಹೋಗುವುದು. ಒದ್ದರೆ ಕಾಲು ನೋಯಬೇಕು, ಆಗಲೇ ಗಾಳಿ ಸರಿ ಎಂದು ಲೆಕ್ಕ. ಅಲ್ಲಿನ ಕಲ್ಲು ನೆಲಕ್ಕೆ ಅದು ನಡೆಯುತ್ತದೆ. ಅಲ್ಲದೆ ಗಾಳಿ ಕಡಿಮೆಯಾಗಿ ಕಾದ ಟೈರ್ ಒಡೆದು ಗಾಡಿ ಮಗುಚಿದ್ದನ್ನು ನಾನು ನನ್ನ ಅಂಗಡಿಯ ಎದುರೇ ನೋಡಿದ್ದೇನೆ. ಹೊಸದಾಗಿ ಓಡಿಸುವ ಹೆಂಗಸು, ಚಿಕ್ಕ ಮಗು ಇದೆ, ಇವಳಿಗೇನು ಗೊತ್ತು ಎಂದುಕೊಂಡೆ. ಅವಳು ಅತ್ತ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಾಗ ಹಿಂದಿನ ಎರಡಕ್ಕೂ ಅರವತ್ತು ತುಂಬಿದೆ. ಹೇಳಲಿಲ್ಲ.

ಮೊದಲ ಎರಡು ಟ್ರಿಪ್ಪು ಬಿಸಿಲಿನಲ್ಲೇ ಮುಗಿದವು. ಎರಡನೆಯ ಸಲ ಬಂದಾಗ ಗಾಡಿ ಯಾಕೋ ಕುಣಿಯುತ್ತದೆ ಎಂದಳು. ಹೊಸ ಟೈರ್ ಹಾಗೇ ಇರುತ್ತದೆ ಎಂದು ನಾನು ಅದನ್ನೂ ಮುಚ್ಚಿ ಹಾಕಿದೆ.

ಆಮೇಲೆ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸೋಮೇಶ ಆಫೀಸಿಗೆ ರಜೆ ಹಾಕಿ ಬಂದಿದ್ದ, ನಾನೂ ಗಾಡಿಯಲ್ಲಿ ಬರುತ್ತೇನೆ ಎಂದು. ನೋಡಿಯೇ ತೀರ್ಮಾನ ಮಾಡಬೇಕೆಂದು ಬಂದವನು. ನನಗೂ ಆ ಟೈರ್ ಎರೆಯಲ್ಲಿ ಏನು ಮಾಡುತ್ತದೆ ಎಂದು ನೋಡುವ ಚಪಲ. ಅಂಗಡಿಯನ್ನು ತಮ್ಮನಿಗೆ ಬಿಟ್ಟು ಗಾಳಿ ನೋಡುವ ಗೇಜನ್ನು ಜೇಬಿಗೆ ಹಾಕಿಕೊಂಡು ಹತ್ತಿದೆ. ಸೋಮೇಶ ನಮ್ಮಿಬ್ಬರ ನಡುವೆ ಮೊಣಕಾಲು ಮಡಚಿ ಕೂತ. ದಾರಿಯುದ್ದಕ್ಕೂ ಅವನು ಮಾತಾಡಿದ್ದು ಆಫೀಸಿನ ವಿಷಯ, ಅವಳು ಮಾತಾಡಿದ್ದು ಮೋಡದ ವಿಷಯ.

ಹೊಲ ಮುಟ್ಟಿದಾಗ ಮಳೆ ನಿಂತಿತ್ತು. ಹೋಗುವಾಗ ಗಾಡಿ ಖಾಲಿ, ಜಾರಿದರೂ ದಾಟಿತು. ಎರಡೂವರೆಗೆ ಹೂವಿನ ಮೂಟೆಗಳೆಲ್ಲ ಏರಿದವು. ನೆಂದ ಹೂವಾದ್ದರಿಂದ ಭಾರ ಎಂದಿಗಿಂತ ಹೆಚ್ಚು. ಗುರುಪಾದಸ್ವಾಮಿ ದಾರಿ ನೋಡಿ ತಲೆಯಾಡಿಸಿದರು. ಮಾದಣ್ಣನ ಟ್ರಾಕ್ಟರ್ ಕೊಟ್ಟಿಗೆಯ ಹಿಂದೆಯೇ ನಿಂತಿದೆ, ಮೊದಲೇ ಹಗ್ಗ ಕಟ್ಟಿಕೊಂಡು ಹೋದರೆ ಯಾವ ಗಲಾಟೆಯೂ ಇಲ್ಲ ಎಂದರು. ಹೂವು ಅವರದ್ದು, ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ಶಶಿರೇಖಾ ಬೇಡ ಅಯ್ಯನೋರೆ ಎಂದು ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಕಟ್ಟಿ ದಾರಿಯುದ್ದಕ್ಕೂ ಬರಿಗಾಲಲ್ಲಿ ನಡೆದು ಹೋಗಿ ಬಂದಳು. ಎಲ್ಲಿ ಕಾಲು ಹಿಮ್ಮಡಿವರೆಗೆ ಇಳಿಯಿತು, ಎಲ್ಲಿ ಮೀನಖಂಡದವರೆಗೆ ಇಳಿಯಿತು ಎಂದು ನೋಡಿ, ಹೆಚ್ಚು ಇಳಿದ ಕಡೆ ಪಕ್ಕದಲ್ಲಿ ಒಂದೊಂದು ಕಡ್ಡಿ ನೆಟ್ಟು ಬಂದಳು. ನಲವತ್ತು ನಿಮಿಷ ಹೋಯಿತು. ಸೋಮೇಶ ಗಡಿಯಾರ ನೋಡುತ್ತಿದ್ದ.

ಬಂದವಳು ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ವಾಲ್ವಿಗೆ ಕೀ ತುದಿ ಒತ್ತಿ ಎಣಿಸತೊಡಗಿದಳು. ಕೆಸರಿಗೆ ಟೈರ್ ಮೆತ್ತಗಿರಬೇಕು. ಮೆತ್ತಗಾದರೆ ಅಗಲವಾಗಿ ಕೂರುತ್ತದೆ, ನೆಲವನ್ನು ಕೊಯ್ಯುವುದಿಲ್ಲ. ಅವಳ ಹತ್ತಿರ ಗೇಜು ಇರಲಿಲ್ಲ. ಎಷ್ಟು ಎಣಿಸಿದರೆ ಎಷ್ಟು ಪೌಂಡು ಇಳಿಯುತ್ತದೆ ಎಂದು ಗಂಡನ ಜೊತೆ ಮನೆಯಲ್ಲಿ ಹಳೆಯ ಟೈರಿನ ಮೇಲೆ ಅಭ್ಯಾಸ ಮಾಡಿದ್ದಳು. ಎಂಬತ್ತು ಎಣಿಸಿದರೆ ನಲವತ್ತೈದು ಇಳಿದು ಇಪ್ಪತ್ತೇಳಕ್ಕೆ ಬರಬೇಕು. ನಾನು ಪಕ್ಕದಲ್ಲಿ ನಿಂತು ಜೇಬಿನ ಗೇಜನ್ನು ಮುಟ್ಟಿಕೊಂಡೆ. ಹೇಳುವುದಕ್ಕೆ ಅದೇ ಸಮಯ. ಹೇಳಲಿಲ್ಲ. ಸೋಮೇಶನ ಎದುರು ನಾಚಿಕೆಯಾಯಿತು, ಅದೃಷ್ಟವಿದ್ದರೆ ದಾಟಿಬಿಡುತ್ತದೆ ಎಂದುಕೊಂಡೆ.

ಗಾಡಿ ಎರಡನೇ ಗೇರಿನಲ್ಲಿ ಹೊರಟಿತು. ಗುರುಪಾದಸ್ವಾಮಿ ಕುಡುಗೋಲು ಹಿಡಿದು ಒಬ್ಬ ಆಳಿನ ಜೊತೆ ಹಿಂದೆಯೇ ನಡೆದು ಬಂದರು. ಅವಳು ನೆಟ್ಟ ಕಡ್ಡಿಗಳನ್ನು ಬಿಟ್ಟು ಬಿಟ್ಟು ನಡೆಸಿದಳು. ಒಂದು ಕಿಲೋಮೀಟರ್ ಚೆನ್ನಾಗಿಯೇ ಬಂದೆವು. ಮೋರಿಯ ಹತ್ತಿರ ದಾರಿ ಇಳಿದು ಏರುತ್ತದೆ. ಏರಿನ ಅರ್ಧಕ್ಕೆ ಹಿಂದಿನ ಚಕ್ರ ತಿರುಗಿತು, ಗಾಡಿ ಅಲ್ಲಾಡಲಿಲ್ಲ.

ಅವಳು ತಕ್ಷಣ ಕಾಲು ತೆಗೆದಳು. ಆಕ್ಸಿಲರೇಟರ್ ಒತ್ತಿ ಗುಂಡಿ ತೋಡಲಿಲ್ಲ. ಅಂಥ ಹೊತ್ತಿನಲ್ಲಿ ಇಷ್ಟು ಬೇಗ ಕಾಲು ತೆಗೆದ ಗಂಡಸನ್ನು ನಾನು ನೋಡಿಲ್ಲ.

ಇಳಿದು ನೋಡಿದೆವು. ಟೈರಿನ ಬಟನ್ ಒಂದೂ ಕಾಣುತ್ತಿರಲಿಲ್ಲ, ಕಪ್ಪು ಮಣ್ಣು ಮೆತ್ತಿ ದುಂಡಗೆ ಡೋಲಿನ ಹಾಗಾಗಿತ್ತು. ಸೋಮೇಶ ಫೋನ್ ಕೈಗೆ ತೆಗೆದುಕೊಂಡ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅದನ್ನು ನಾನು ಹೇಳಬೇಕು.

"ಸಾಕು ಬುಡು ಶಶಿ. ಮೂರೂಮುಕ್ಕಾಲು ಆಗದೆ. ಹೂವಾದ್ರೂ ಉಳ್ಕೊಳ್ಳಿ. ಮಾದಣ್ಣುಂಗೆ ಫೋನ್ ಮಾಡ್ತೀನಿ."

"ಮಾಡ್ಬ್ಯಾಡಿ ಭಾವ. ಒಂದು ಗಳಿಗೆ."

ಅವಳು ಟೈರಿನ ಪಕ್ಕೆಯನ್ನು ಅಂಗೈಯಿಂದ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಗಾಳಿ ಇಳಿದಿದ್ದರೆ ಅಲ್ಲಿ ಉಬ್ಬಿರಬೇಕಿತ್ತು. ನಾನು ಎಂಬತ್ತು ಎಣಿಸಿದ್ದೇನೆ, ಇದು ಇಳಿದೇ ಇಲ್ಲವಲ್ಲ ಎಂದಳು, ತನಗೆ ತಾನೇ. ಮತ್ತೆ ಬೆರಳು ಮಡಚಿ ಲೆಕ್ಕ ಹಾಕಿದಳು. ತನ್ನ ಎಣಿಕೆ ತಪ್ಪಿತು ಎಂದುಕೊಂಡು ಅವಳ ಮುಖ ಮೊದಲ ಸಲ ಸಣ್ಣದಾಯಿತು. ಅದನ್ನು ನೋಡಿಕೊಂಡು ಸುಮ್ಮನಿರುವುದು ನನ್ನಿಂದ ಆಗಲಿಲ್ಲ.

"ನಿನ್ ಎಣಿಕೆ ಸರ್ಯಾಗದೆ ಕಣವ್ವ," ಎಂದೆ. "ನಾನು ನಲ್ವತ್ತೈದು ಹಾಕ್ನಿಲ್ಲ. ಜಾಸ್ತಿ ಹಾಕ್ಬುಟ್ಟೆ. ನಿನ್ ಒಳ್ಳೇದ್ಕೇ ಅನ್ಕೊಂಡೆ."

ಸೋಮೇಶ ಬಾಯಿ ತೆರೆದ. ಅವಳು ಕೈಯೆತ್ತಿ ಅವನನ್ನು ತಡೆದು ನನ್ನನ್ನು ನೋಡಿದಳು. ಬೈಗುಳಕ್ಕೆ ನಾನು ತಯಾರಾಗಿದ್ದೆ.

"ಎಷ್ಟ್ ಹಾಕಿದ್ದೆ? ಅದೊಂದ್ ಹೇಳು, ಸಾಕು."

"ಅರವತ್ತು."

"ಗೇಜು ಕೊಡು."

ಗೇಜು ನಲವತ್ತೊಂದು ತೋರಿಸಿತು. ಅವಳು ಕೀ ಒತ್ತಿ ಮತ್ತೆ ಎಣಿಸತೊಡಗಿದಳು. ನಾನು ಗುರುಪಾದಸ್ವಾಮಿಯವರ ಕುಡುಗೋಲು ಇಸಿದುಕೊಂಡು ಕೆಸರಲ್ಲಿ ಮಂಡಿಯೂರಿ ಟೈರಿನ ಸಂದಿಯ ಮಣ್ಣು ಕೆರೆದೆ. ಬಟನ್ ಒಂದೊಂದಾಗಿ ಹೊರಗೆ ಬಂದವು. ಸೋಮೇಶ ಫೋನ್ ಹಿಡಿದೇ ನಿಂತಿದ್ದ, ಆದರೆ ನಂಬರ್ ಒತ್ತಲಿಲ್ಲ. ಗುರುಪಾದಸ್ವಾಮಿ ಅವನನ್ನೂ ಅವಳನ್ನೂ ನೋಡಿ, ಪಕ್ಕದ ಹೊಲದ ಬಣವೆಯಿಂದ ಜೋಳದ ಕಡ್ಡಿಯ ಎರಡು ಹೊರೆ ತರಿಸಿ ಚಕ್ರದ ಮುಂದೆ ಹರಡಿದರು.

ಇಪ್ಪತ್ತಾರಕ್ಕೆ ಬಂದಾಗ ಟೈರಿನ ಪಕ್ಕೆ ತುಂಬಿದ ಚೀಲದ ಹಾಗೆ ಹೊರಗೆ ಬಾಗಿತ್ತು. ಅವಳು ಮುಂದಕ್ಕೆ ಹೋಗಲಿಲ್ಲ. ತಾನು ಬಂದ ಜಾಡಿನಲ್ಲೇ ಎರಡು ಗಾಡಿಯುದ್ದ ಹಿಂದಕ್ಕೆ ತೆಗೆದಳು. ಅಲ್ಲಿಂದ ಒಂದೇ ಸಮ, ವೇಗವೂ ಇಲ್ಲ ನಿಧಾನವೂ ಇಲ್ಲ, ಏರಿಗೆ ಬಿಟ್ಟಳು. ಜೋಳದ ಕಡ್ಡಿ ಲಟಲಟ ಮುರಿದವು. ಚಕ್ರ ಒಂದು ಸುತ್ತು ಜಾರಿತು, ಹಿಡಿಯಿತು, ಅಂಚಿನ ಬಟನ್‌ಗಳಿಂದ ಮಣ್ಣಿನ ಹೆಂಟೆಗಳು ಸಿಡಿದು ಸೋಮೇಶನ ಬಿಳಿ ಅಂಗಿಗೆ ಬಿದ್ದವು. ಗಾಡಿ ಏರು ಹತ್ತಿತು. ಅವಳು ನಿಲ್ಲಿಸಲೇ ಇಲ್ಲ. ಸೋಮೇಶನೂ ನಾನೂ ಉಳಿದ ಅರ್ಧ ಕಿಲೋಮೀಟರ್ ಕೆಸರು ತುಳಿದುಕೊಂಡು ಹಿಂದೆ ನಡೆದೆವು. ಟಾರಿನ ಅಂಚಿಗೆ ಮುಟ್ಟಿದಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ.

ಸೋಮೇಶ ಹತ್ತಿ ಕೂತು ನಡಿ ಎಂದ. ಅವಳು ಕೀ ತಿರುಗಿಸಲಿಲ್ಲ. ಸೀಟಿನ ಹಿಂದಿನಿಂದ ಕಾಲಲ್ಲಿ ತುಳಿಯುವ ಪಂಪು ತೆಗೆದಳು. ಈ ಗಾಳಿಯಲ್ಲಿ, ಈ ಭಾರದಲ್ಲಿ ಇಪ್ಪತ್ತಾರು ಕಿಲೋಮೀಟರ್ ಟಾರಿನ ಮೇಲೆ ಹೋದರೆ ಟೈರ್ ಕಾದು ಸಿಡಿಯುತ್ತದೆ. ಕೆಸರಿಗೆ ಇಳಿಸಿದ್ದನ್ನು ಟಾರಿಗೆ ಏರಿಸಲೇಬೇಕು. ಅದು ನಾನು ಹೇಳಿಕೊಡಬೇಕಾದ ಮಾತು, ಅವಳೇ ನನಗೆ ಹೇಳಿದಳು.

ಮೊದಲು ಅವಳು ತುಳಿದಳು, ಆಮೇಲೆ ನಾನು. ಐವತ್ತು ಸಲ ತುಳಿಯುವಷ್ಟರಲ್ಲಿ ನನಗೆ ಏದುಸಿರು ಬಂತು. ಗೇಜು ಮೂವತ್ತೊಂದು ತೋರಿಸುತ್ತಿತ್ತು. ಸೋಮೇಶ ಸ್ವಲ್ಪ ಹೊತ್ತು ಕಿಟಕಿಯಿಂದ ನೋಡಿದ. ಆಮೇಲೆ ಇಳಿದು ಬೂಟು ಬಿಚ್ಚಿ ಪಕ್ಕದಲ್ಲಿ ಜೋಡಿಸಿಟ್ಟ, ಪ್ಯಾಂಟು ಮಡಚಿದ, ಸರಿಯಿರಿ ನಂಜುಂಡಪ್ಪ ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದ. ಆಫೀಸಿನ ಕುರ್ಚಿಯವನು ಎಂದು ನಾನು ಅಂದುಕೊಂಡಿದ್ದೆ, ತುಳಿತ ಚೆನ್ನಾಗಿತ್ತು.

ಅವನು ತುಳಿಯುತ್ತಿದ್ದಾಗಲೇ ಫೋನ್ ಬಂತು. ಫೋನ್ ಸೀಟಿನ ಮೇಲಿತ್ತು, ಶಶಿರೇಖಾ ತೆಗೆದು ಹೆಸರು ನೋಡಿದಳು. ಅವನ ಕೈಗೆ ಕೊಟ್ಟು ಗೇಜಿನ ಕಡೆ ತಿರುಗಿದಳು. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಅದು ಅಲ್ಲಾಡುತ್ತಿರಲಿಲ್ಲ.

ಸೋಮೇಶ ಒಂದು ಕಾಲು ಪಂಪಿನ ಮೇಲೆ ಇಟ್ಟುಕೊಂಡೇ ಮಾತಾಡಿದ. ಆ ಕಡೆಯ ರಂಗರಾಜು ಭಾನುವಾರ ಬರಲೇ ಎಂದು ಕೇಳಿರಬೇಕು.

"ಬರ್ಬ್ಯಾಡ ಕಣ್ಲಾ," ಎಂದ ಸೋಮೇಶ, ಏದುಸಿರಿನಲ್ಲಿ. "ಗಾಡಿ ಮಾರಕಿಲ್ಲ. ಇಲ್ಲ ಕಣ್ಲಾ, ರೇಟಿನ್ ಮಾತಲ್ಲ. ಓಡ್ಸೋರು ನಮ್ಮನೇಲೇ ಅವ್ರೆ."

ಫೋನ್ ಜೇಬಿಗೆ ಹಾಕಿಕೊಂಡು ಮತ್ತೆ ತುಳಿಯತೊಡಗಿದ. ಎಷ್ಟಾಯಿತು ಎಂದು ಕೇಳಿದ.

"ಮೂವತ್ತೆಂಟು," ಎಂದಳು ಶಶಿರೇಖಾ. ಗೇಜನ್ನು ಮತ್ತೆ ಒತ್ತಿ ನೋಡಿ ಇನ್ನೊಮ್ಮೆ ಹೇಳಿದಳು. "ಮೂವತ್ತೆಂಟು ಭಾವ. ತುಳೀರಿ. ಇನ್ನೊಂದು ಚಕ್ರ ಅದೆ."

ಗುಂಡ್ಲುಪೇಟೆ ಮುಟ್ಟಿದಾಗ ಆರಕ್ಕೆ ಏಳು ನಿಮಿಷವಿತ್ತು. ಲಾರಿಯವನು ಇಂಜಿನ್ ಶುರು ಮಾಡಿಕೊಂಡು ನಮ್ಮ ಕಡೆಯೇ ನೋಡುತ್ತಿದ್ದ. ಸೋಮೇಶನ ಅಂಗಿ ನೋಡಿ ಮಲಯಾಳದಲ್ಲಿ ಏನೋ ಅಂದು ನಕ್ಕ. ಮೂಟೆಗಳು ಏರಿದವು.

ಓಣಂ ಮುಗಿಯುವವರೆಗೆ ಅವಳು ಇನ್ನೂ ಏಳು ಟ್ರಿಪ್ಪು ಹೊಡೆದಳು. ಅದರಲ್ಲಿ ಮೂರು ಮಳೆಯಲ್ಲೇ. ಮಾದಣ್ಣನ ಟ್ರಾಕ್ಟರ್ ಕೊಟ್ಟಿಗೆಯ ಹಿಂದೆಯೇ ನಿಂತಿತ್ತು. ಈಗ ನನ್ನ ಅಂಗಡಿಯಲ್ಲಿ ಯಾರ ಗಾಡಿಗೆ ಗಾಳಿ ತುಂಬಿದರೂ ಎಷ್ಟು ಪೌಂಡು ಎಂದು ಚಕ್ರದ ಮೇಲೆ ಸೀಮೆಸುಣ್ಣದಿಂದ ಬರೆದು ಕಳಿಸುತ್ತೇನೆ. ಶಶಿರೇಖಾ ಬಂದರೆ ನಾನು ಬರೆದದ್ದನ್ನು ಓದುತ್ತಾಳೆ, ಆಮೇಲೆ ಗೇಜು ತೆಗೆದು ತಾನೇ ನೋಡಿಕೊಳ್ಳುತ್ತಾಳೆ. ಅದು ನನ್ನದೇ ಗೇಜು. ಆವತ್ತು ಕೆಸರಲ್ಲಿ ಕೊಟ್ಟದ್ದು ಇನ್ನೂ ವಾಪಸು ಬಂದಿಲ್ಲ. ನಾನೂ ಕೇಳಿಲ್ಲ.